ಆ ಆರು ಗಂಟೆಯೊಳಗೆ ಕೇಳಬೇಕಾದ ಮಾತು

ಕರ್ನಾಟಕದ ವೈದ್ಯಕೀಯ ಕಾಲೇಜುಗಳ ಅಧ್ಯಾಪಕರಿಗೂ ಪರೀಕ್ಷಕರಿಗೂ ಒಂದು ಬಹಿರಂಗ ಪತ್ರ

ಮಾನ್ಯ ಗುರುಗಳೇ,

ಮೊದಲು ಒಂದು ಚೀಟಿಯ ವಿಷಯ.

ತಾಲ್ಲೂಕು ಆಸ್ಪತ್ರೆಯೊಂದರಿಂದ ಬೆಂಗಳೂರಿಗೆ ಬರೆದುಕೊಟ್ಟ ರೆಫರಲ್ ಚೀಟಿ ಅದು. ಹತ್ತೊಂಬತ್ತು ವರ್ಷದ ಹುಡುಗಿ, ತೂಕ 50 ಕಿಲೋ. ಬೆಳಗಿನ ಕಾಫಿಗೆ ಒಲೆ ಹಚ್ಚುವಾಗ ಸೋರಿದ್ದ ಗ್ಯಾಸಿಗೆ ಬೆಂಕಿ ಹತ್ತಿಕೊಂಡಿದೆ. ಸುಟ್ಟಿರುವುದು 20 ಪರ್ಸೆಂಟ್. ಕೆಳಗೆ ಸಹಿ, ಸಮಯ, ಮೊಹರು ಎಲ್ಲ ಇತ್ತು. ಆ್ಯಂಬುಲೆನ್ಸ್ ಬೆಂಗಳೂರು ಮುಟ್ಟುವಾಗ ಬೆಂಕಿ ತಗುಲಿ ಐದು ಗಂಟೆ ಆಗಿತ್ತು. ಅಲ್ಲಿನ ಹಿರಿಯ ವೈದ್ಯೆ ಹೊದಿಕೆ ಸರಿಸಿದರು, ಸಿಸ್ಟರ್ ನೆರವಿನಿಂದ ಹುಡುಗಿಯನ್ನು ಮೆಲ್ಲಗೆ ಮಗ್ಗುಲಾಗಿಸಿ ಬೆನ್ನು ನೋಡಿದರು, ಚೀಟಿಯ ಮೇಲಿದ್ದ 20ನ್ನು ಹೊಡೆದು 40 ಎಂದು ಬರೆದರು. ತಾಲ್ಲೂಕು ಆಸ್ಪತ್ರೆಯಲ್ಲಿ ಯಾರೂ ಅವಳ ಬೆನ್ನು ನೋಡಿರಲಿಲ್ಲ.

ಆ ಹುಡುಗಿ ಈ ಲೇಖಕಿಯ ಅಕ್ಕನ ಮಗಳು.

ಇಪ್ಪತ್ತಕ್ಕೂ ನಲವತ್ತಕ್ಕೂ ಏನು ಅಂತರವೆಂದು ನಿಮಗೆ ಹೇಳಬೇಕಿಲ್ಲ. ಆದರೆ ನಿಮ್ಮೊಡನೆ ಈ ಪತ್ರವನ್ನು ಓದುವ ಬೇರೆಯವರಿಗೆ ಹೇಳಲೇಬೇಕು. ಮೈ ಸುಟ್ಟಾಗ ರಕ್ತನಾಳಗಳಿಂದ ನೀರಿನಂಶ ಸೋರುತ್ತಾ ಹೋಗುತ್ತದೆ, ಅದನ್ನು ಡ್ರಿಪ್ ಮೂಲಕ ತುಂಬದಿದ್ದರೆ ಮೂತ್ರಪಿಂಡ ಕೈಕೊಡುತ್ತದೆ, ಜೀವವೂ ಹೋಗುತ್ತದೆ. ಎಷ್ಟು ತುಂಬಬೇಕು ಎನ್ನಲು ನೀವು ಕಲಿಸುವ ಲೆಕ್ಕವೊಂದಿದೆ, ಪಾರ್ಕ್‌ಲ್ಯಾಂಡ್ ಸೂತ್ರ. ರೋಗಿಯ ತೂಕವನ್ನು ಸುಟ್ಟ ಭಾಗದ ಶೇಕಡಾವಾರು ಸಂಖ್ಯೆಯಿಂದ ಗುಣಿಸಿ, ಅದನ್ನು ಮತ್ತೆ ನಾಲ್ಕರಿಂದ ಗುಣಿಸಬೇಕು. ಬರುವ ಮಿಲಿಲೀಟರಿನಲ್ಲಿ ಅರ್ಧ ಮೊದಲ ಎಂಟು ಗಂಟೆಯಲ್ಲಿ ಹೋಗಬೇಕು, ಉಳಿದರ್ಧ ಮುಂದಿನ ಹದಿನಾರು ಗಂಟೆಯಲ್ಲಿ. ಎಂಟು ಗಂಟೆಯನ್ನು ಎಣಿಸಬೇಕಾದದ್ದು ಬೆಂಕಿ ತಗುಲಿದ ಕ್ಷಣದಿಂದ, ಆಸ್ಪತ್ರೆಯ ಬಾಗಿಲು ದಾಟಿದ ಕ್ಷಣದಿಂದಲ್ಲ. ಐವತ್ತು ಕಿಲೋ ಹುಡುಗಿಗೆ 20 ಪರ್ಸೆಂಟ್ ಎಂದರೆ ದಿನಕ್ಕೆ 4 ಲೀಟರ್. 40 ಎಂದರೆ 8 ಲೀಟರ್. ನೋಡದೆ ಬಿಟ್ಟ ಒಂದು ಬೆನ್ನು ಅವಳಿಗೆ ಸಿಗಬೇಕಾಗಿದ್ದ ನೀರಿನಲ್ಲಿ ಅರ್ಧವನ್ನು ಕಸಿದುಕೊಂಡಿತ್ತು.

ಅವಳು ಬದುಕಿದಳು. ಎಷ್ಟೋ ತಿಂಗಳ ನಂತರ ಆ ಚೀಟಿ ಬರೆದ ಯುವ ವೈದ್ಯರು ಒಂದು ಮದುವೆಮನೆಯಲ್ಲಿ ಸಿಕ್ಕರು. ಹುಡುಗಿ ಹೇಗಿದ್ದಾಳೆ ಎಂದು ಅವರೇ ಬಂದು ಕೇಳಿದರು. ಬೆನ್ನಿನ ವಿಷಯ ತಿಳಿದಾಗ ಮುಖ ಬಾಡಿತು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೇಡಂ, ರೂಲ್ ಆಫ್ ನೈನ್ಸ್ ನನಗೆ ಬಾಯಿಪಾಠ. ಥಿಯರಿಯಲ್ಲಿ ಚಿತ್ರ ಬರೆದು ಪೂರ್ತಿ ಅಂಕ ತಗೊಂಡಿದ್ದೆ. ಆದರೆ ನಿಜವಾದ ಪೇಷೆಂಟ್ ಮುಂದೆ ನಾನು ಲೆಕ್ಕ ಹಾಕೋದನ್ನ ಪಕ್ಕದಲ್ಲಿ ನಿಂತು ನೋಡಿದವರು ಯಾರೂ ಇಲ್ಲ" ಎಂದರು. ಸುಟ್ಟ ಮೈಯನ್ನು ಪರ್ಸೆಂಟಿನಲ್ಲಿ ಅಳೆಯುವ ಲೆಕ್ಕ ಅದು: ತಲೆಗೆ 9, ಒಂದೊಂದು ತೋಳಿಗೆ 9, ಒಂದೊಂದು ಕಾಲಿಗೆ 18, ಎದೆ ಹೊಟ್ಟೆ ಸೇರಿ 18, ಬೆನ್ನಿಗೆ 18, ಗುಹ್ಯಭಾಗಕ್ಕೆ 1. ಅಂದು ರಾತ್ರಿ ಊಟದ ಪಂಕ್ತಿಯ ಪಕ್ಕ ನಿಂತು ಅವರು ಇದನ್ನು ಒಂದೇ ಉಸಿರಿಗೆ ಹೇಳಿದರು. ಒಂದೂ ತಪ್ಪಿರಲಿಲ್ಲ.

ಗುರುಗಳೇ, ಈ ಪತ್ರ ಅವರನ್ನು ದೂರುವುದಕ್ಕಲ್ಲ, ನಿಮ್ಮನ್ನು ದೂರುವುದಕ್ಕೂ ಅಲ್ಲ. ಐವತ್ತು ಹಾಸಿಗೆಯ ವಾರ್ಡು, ಒಂದೊಂದು ಬ್ಯಾಚಿಗೆ ನೂರೈವತ್ತು, ಇನ್ನೂರು ವಿದ್ಯಾರ್ಥಿಗಳು, ಓಪಿಡಿಯ ಸಾಲು, ಥಿಯೇಟರಿನ ಪಟ್ಟಿ, ಅದರ ಮೇಲೆ ತಪಾಸಣೆಗೆ ಒದಗಿಸಬೇಕಾದ ಕಾಗದಪತ್ರ. ನಿಮ್ಮ ದಿನ ಹೇಗೆ ಕಳೆಯುತ್ತದೆಂದು ಅಕ್ಕನ ಮಗಳ ಮಂಚದ ಪಕ್ಕ ಏಳು ವಾರ ಕುಳಿತ ಲೇಖಕಿಗೆ ಗೊತ್ತು. ಅಷ್ಟು ಗೊತ್ತಿದ್ದೂ ಕೇಳಬೇಕಾದ ಎರಡು ಸಂಗತಿಗಳಿವೆ. ಒಂದು, ಸುಟ್ಟ ಗಾಯ ನೋಡುವ ಕೈಯನ್ನು ನೀವು ಪರೀಕ್ಷಿಸಬೇಕು. ಇನ್ನೊಂದು, ಸತ್ತವರ ಮನೆಯವರ ಹತ್ತಿರ ಚರ್ಮದಾನದ ಮಾತೆತ್ತುವ ನಾಲಿಗೆಯನ್ನು ಪರೀಕ್ಷಿಸಬೇಕು. ಎರಡನೆಯದು ಇನ್ನೂ ಕಷ್ಟ. ಈ ಪತ್ರದ ಹೆಚ್ಚಿನ ಭಾಗ ಅದರ ಮೇಲೆಯೇ.

ಸುಟ್ಟ ಗಾಯದ ವಾರ್ಡಿನಲ್ಲಿ ಹೆಸರಿಗಿಂತ ಪರ್ಸೆಂಟು ಮುಂದೆ. "ಮೂವತ್ತೈದು ಊಟ ಮಾಡಿದ್ರಾ", "ಐವತ್ತೈದಕ್ಕೆ ಡ್ರೆಸಿಂಗ್ ಆಯ್ತಾ" ಎಂದು ಆಯಾಗಳು ಕೇಳುತ್ತಾರೆ. ಬೆಳಿಗ್ಗೆ ಡ್ರೆಸಿಂಗ್ ಟ್ರಾಲಿಯ ಚಕ್ರದ ಸದ್ದು ಕೇಳಿದರೆ ಸಾಕು, ಒಂದೊಂದು ಮಂಚದಲ್ಲಿ ಒಬ್ಬೊಬ್ಬರು ಹಲ್ಲು ಕಚ್ಚಿ ಗೋಡೆಗೆ ಮುಖ ಮಾಡುತ್ತಾರೆ. ವಾರ್ಡಿನಲ್ಲಿ ಹೆಂಗಸರೇ ಹೆಚ್ಚು. ಅದು ಆ ಒಂದು ವಾರ್ಡಿನ ಮಾತಲ್ಲ. 2009ರಲ್ಲಿ 'ದಿ ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು, 2001ರ ಒಂದೇ ವರ್ಷದಲ್ಲಿ ಭಾರತದಲ್ಲಿ ಬೆಂಕಿಯಿಂದ ಸತ್ತವರು ಸುಮಾರು 1,63,000 ಎಂದೂ ಅವರಲ್ಲಿ ಶೇ. 65ರಷ್ಟು ಹೆಂಗಸರೆಂದೂ ಅಂದಾಜು ಮಾಡಿತು. ವಿಶ್ವ ಆರೋಗ್ಯ ಸಂಸ್ಥೆ ಹೇಳುವಂತೆ ನಮ್ಮ ದೇಶದಲ್ಲಿ ಪ್ರತಿವರ್ಷ ಸಾಧಾರಣವಾಗಿ ಇಲ್ಲವೇ ತೀವ್ರವಾಗಿ ಸುಟ್ಟುಕೊಳ್ಳುವವರು 10 ಲಕ್ಷಕ್ಕೂ ಹೆಚ್ಚು. ಸೀಮೆಎಣ್ಣೆ ಸ್ಟೌ, ಗ್ಯಾಸ್, ಸ್ನಾನದ ಹಂಡೆ, ಸೀರೆಯ ಸೆರಗು, ಕೆಲವೊಮ್ಮೆ ಯಾರೂ ಬಾಯಿಬಿಡದ ಕಾರಣ.

ಅಕ್ಕನ ಮಗಳಿಗೆ ಮೊದಲ ವಾರದಲ್ಲಿಯೇ ಸತ್ತ ಚರ್ಮವನ್ನು ಕತ್ತರಿಸಿ ತೆಗೆದರು. ಗಾಯ ತಾನಾಗಿ ಉದುರಿ ಮಾಯಲಿ ಎಂದು ವಾರಗಟ್ಟಲೆ ಕಾಯುತ್ತಿದ್ದ ಕಾಲವೊಂದಿತ್ತು. ಮೊದಲ ದಿನಗಳಲ್ಲೇ ತೆಗೆದು ಕಸಿ ಮಾಡಿದರೆ ಒಳ್ಳೆಯದೆಂದು 1970ರ ಸುಮಾರಿಗೆ ಜಗತ್ತಿಗೆ ತೋರಿಸಿದವರು ಆಗಿನ ಯುಗೊಸ್ಲಾವಿಯದ ಮಾರಿಬೋರ್ ಊರಿನ ವೈದ್ಯೆ ಜೋರಾ ಯಾಂಜೆಕೊವಿಚ್. ಆದರೆ ತೆಗೆದ ಮೇಲೆ ಆ ಜಾಗವನ್ನು ಯಾವುದರಿಂದ ಮುಚ್ಚುವುದು? ಉಳಿದಿರುವ ಒಳ್ಳೆಯ ಚರ್ಮ ಕಡಿಮೆ. ತೊಡೆಯಿಂದ ತೆಳ್ಳಗೆ ಒಂದು ಪದರ ತೆಗೆದರೆ ಆ ಜಾಗ ಮಾಯಲು ಹತ್ತು ಹದಿನಾಲ್ಕು ದಿನ ಬೇಕು, ಆಮೇಲಷ್ಟೇ ಅಲ್ಲಿಂದ ಮತ್ತೆ ತೆಗೆಯಬಹುದು. ಅಲ್ಲಿಯವರೆಗೆ ತೆರೆದ ಮೈಯಿಂದ ನೀರು ಹೋಗುತ್ತದೆ, ಪ್ರೋಟೀನ್ ಹೋಗುತ್ತದೆ, ಬಿಸುಪು ಹೋಗುತ್ತದೆ, ಸೋಂಕು ಒಳಗೆ ಬರುತ್ತದೆ. ಗಾಳಿ ಸೋಕಿದರೂ ನೋವು.

ದಾನಿಯ ಚರ್ಮ ಕೆಲಸಕ್ಕೆ ಬರುವುದು ಈ ನಡುವಿನ ದಿನಗಳಲ್ಲಿ. ಅದು ಶಾಶ್ವತವಾಗಿ ಅಂಟಿಕೊಳ್ಳುವುದಿಲ್ಲ. ಎರಡು ಮೂರು ವಾರ ಮೈಮೇಲಿದ್ದು, ಆಮೇಲೆ ದೇಹ ಅದನ್ನು ಪರಕೀಯವೆಂದು ಗುರುತಿಸಿ ಬಿಟ್ಟುಬಿಡುತ್ತದೆ. ಅಷ್ಟರಲ್ಲಿ ಸ್ವಂತ ಚರ್ಮ ಮತ್ತೊಂದು ಬೆಳೆಗೆ ಸಿದ್ಧವಾಗಿರುತ್ತದೆ. ರೋಗಿಯ ಸ್ವಂತ ಚರ್ಮವನ್ನು ಬಲೆಯಂತೆ ತೂತು ಮಾಡಿ ಹಿಗ್ಗಿಸಿ ಹಾಸಿ, ಅದರ ಮೇಲೆ ದಾನಿಯ ಚರ್ಮವನ್ನು ಹೊದಿಸುವ ವಿಧಾನವೂ ಇದೆ. ಅಕ್ಕನ ಮಗಳಿಗೆ ಮಾಡಿದ್ದು ಅದನ್ನೇ. ದಾನಿಯ ಚರ್ಮ ಹೊದಿಸಿದ ಮರುದಿನ ಬೆಳಿಗ್ಗೆ ಟ್ರಾಲಿಯ ಸದ್ದಾದಾಗ ಅವಳು ಗೋಡೆಗೆ ತಿರುಗಲಿಲ್ಲ. ಆ ಚರ್ಮ ಯಾರದೆಂದು ಅವಳಿಗೆ ಗೊತ್ತಿಲ್ಲ, ಗೊತ್ತಾಗುವಂತೆಯೂ ಇಲ್ಲ. ಯಾವುದೋ ಮನೆಯವರು ಸಾವಿನ ಹೊತ್ತಿನಲ್ಲಿ ಒಂದು ಕಾಗದಕ್ಕೆ ಸಹಿ ಹಾಕಿದ್ದರು, ಅಷ್ಟೇ.

ಎದುರಿನ ಮಂಚದಲ್ಲಿ ಇದ್ದದ್ದು 'ಐವತ್ತೈದು'. ಇಬ್ಬರು ಮಕ್ಕಳ ತಾಯಿ, ರಾಯಚೂರು ಕಡೆಯವರು. ಅವರ ಸರದಿ ಬಂದ ವಾರ, ದಾನಿಗಳ ಚರ್ಮ ಕೂಡಿಡುವ ಬ್ಯಾಂಕಿನಲ್ಲಿ ಚರ್ಮ ಇರಲಿಲ್ಲ. ಕೊಲಾಜನ್ ಹಾಳೆ ಹಾಕಿದರು, ಇದ್ದ ಔಷಧಿಯೆಲ್ಲ ಕೊಟ್ಟರು. ಹದಿನೇಳನೆಯ ದಿನ ನಂಜೇರಿ ತೀರಿಕೊಂಡರು. ಚರ್ಮ ಸಿಕ್ಕಿದ್ದರೆ ಉಳಿಯುತ್ತಿದ್ದರು ಎಂದು ಯಾರೂ ಪ್ರಮಾಣ ಮಾಡಿ ಹೇಳಲಾರರು. ಅವರ ಅಣ್ಣ ಮಾತ್ರ ಕಾರಿಡಾರಿನಲ್ಲಿ ಸಿಕ್ಕಸಿಕ್ಕವರನ್ನು ಕೇಳುತ್ತಿದ್ದರು: "ಅಲ್ರೀ, ದಿನಾ ಇಷ್ಟ್ ಮಂದಿ ಸಾಯ್ತಾರ, ಒಬ್ರದೂ ಚರ್ಮ ಸಿಗಂಗಿಲ್ಲೇನ್ರೀ?"

ಈ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ಹೋದಾಗ ಲೇಖಕಿಗೆ ಕಂಡದ್ದನ್ನು ನಿಮ್ಮ ಮುಂದೆ ಇಡಬೇಕು.

ಬ್ಯಾಂಕು ಇಲ್ಲದ ರಾಜ್ಯ ನಮ್ಮದಲ್ಲ. ಬೆಂಗಳೂರು ವೈದ್ಯಕೀಯ ಕಾಲೇಜಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ, ಮಹಾಬೋಧಿ ಸುಟ್ಟಗಾಯಗಳ ವಿಭಾಗವಿರುವ ಆವರಣದಲ್ಲಿಯೇ, 2016ರಲ್ಲಿ ರೋಟರಿಯವರ ನೆರವಿನಿಂದ ಚರ್ಮ ಬ್ಯಾಂಕ್ ಶುರುವಾಯಿತು. ಕಾನೂನಿನ ಅಡ್ಡಿಯೂ ಇಲ್ಲ. 1994ರ ಅಂಗಾಂಗ ಕಸಿ ಕಾಯ್ದೆಗೆ 2011ರಲ್ಲಿ ತಿದ್ದುಪಡಿಯಾಗಿ ಅಂಗಗಳ ಜೊತೆಗೆ ಅಂಗಾಂಶಗಳೂ ಸೇರಿದವು. ರಾಜ್ಯದಲ್ಲಿ ಇದನ್ನೆಲ್ಲ ನೋಡಿಕೊಳ್ಳಲು 'ಜೀವಸಾರ್ಥಕತೆ' ಸಂಸ್ಥೆ ಇದೆ. ಚರ್ಮ ಕೆಡದಂತೆ ಇಡುವುದೂ ತೀರಾ ಕಷ್ಟವಲ್ಲ. ಶೇ. 85ರ ಗ್ಲಿಸರಾಲ್‌ನಲ್ಲಿ ಅದ್ದಿ 4 ಡಿಗ್ರಿ ಸೆಲ್ಸಿಯಸ್ ಸುಮಾರಿನ ತಂಪಿನಲ್ಲಿಟ್ಟರೆ ಐದು ವರ್ಷದವರೆಗೂ ಬರುತ್ತದೆ. ನೆದರ್ಲೆಂಡ್ಸ್‌ನವರು 1980ರ ದಶಕದಲ್ಲಿ ರೂಢಿಸಿದ ಈ ವಿಧಾನಕ್ಕೆ ದುಬಾರಿ ಯಂತ್ರ ಬೇಕಿಲ್ಲ. ರಕ್ತದ ಗುಂಪು ಹೊಂದಬೇಕಿಲ್ಲ. ಎಚ್‌ಐವಿ, ಹೆಪಟೈಟಿಸ್, ಚರ್ಮದ ಕ್ಯಾನ್ಸರ್, ಮೈಗೆಲ್ಲ ಹರಡಿದ ಸೋಂಕು ಇಂಥವು ಇಲ್ಲದಿದ್ದರೆ ಹದಿನೆಂಟು ದಾಟಿದ ಯಾರ ಚರ್ಮವಾದರೂ ಆದೀತು. ಮುಪ್ಪಿನವರದೂ ಆದೀತು. ಹೃದಯ ನಿಂತ ಆರು ಗಂಟೆಯೊಳಗೆ ತೆಗೆಯಬೇಕು, ಅದೊಂದೇ ಅವಸರ. ಕಣ್ಣಿಗೂ ಸುಮಾರು ಅಷ್ಟೇ ಅವಧಿ.

ಕಣ್ಣಿನ ವಿಷಯದಲ್ಲಿ ಕನ್ನಡಿಗರು ಹಿಂದೆ ಬಿದ್ದವರಲ್ಲ. 2006ರಲ್ಲಿ ಡಾ. ರಾಜ್‌ಕುಮಾರ್ ಕಣ್ಣು ಕೊಟ್ಟರು. 2021ರ ಅಕ್ಟೋಬರ್ 29ರಂದು ಅವರ ಮಗ, ನಟ ಪುನೀತ್ ತೀರಿಕೊಂಡಾಗ ಅವರ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು, ನಂತರದ ವಾರಗಳಲ್ಲಿ ಹಳ್ಳಿಹಳ್ಳಿಗಳಲ್ಲಿ ಜನ ಸಾಲುನಿಂತು ನೇತ್ರದಾನಕ್ಕೆ ಹೆಸರು ಬರೆಸಿದರು. ಅದೇ ಜನ ಚರ್ಮವನ್ನು ಕೊಡಲು ಒಲ್ಲೆವೆನ್ನುತ್ತಾರೆಯೇ? ಕೇಳಿದರಲ್ಲವೇ ಗೊತ್ತಾಗುವುದು.

ಲೇಖಕಿಯ ತಂದೆ ತೀರಿಕೊಂಡದ್ದು ಅಕ್ಕನ ಮಗಳು ಮನೆಗೆ ಬಂದ ಎರಡು ವರ್ಷಕ್ಕೆ. ದೊಡ್ಡ ಆಸ್ಪತ್ರೆ, ರಾತ್ರಿ ಎರಡೂವರೆ ಗಂಟೆ, ಹೃದಯಾಘಾತ. ಎಪ್ಪತ್ತೊಂದು ವಯಸ್ಸು, ಮೈಯಲ್ಲಿ ಬೇರಾವ ಕಾಯಿಲೆಯೂ ಇರಲಿಲ್ಲ. ಹೌಸ್ ಸರ್ಜನ್ ಒಬ್ಬರು ಬಂದು ತಲೆ ತಗ್ಗಿಸಿ ನಿಂತರು, ಆಮೇಲೆ ನೇತ್ರದಾನದ ಮಾತೆತ್ತಿದರು. ಅಪ್ಪನಿಗೂ ಅದೇ ಇಷ್ಟವಿತ್ತು. ಮನೆಯವರು ಒಪ್ಪಿದರು, ಕಣ್ಣು ತೆಗೆದುಕೊಂಡು ಹೋದರು. ಬೆಳಗಾಯಿತು, ಊರಿಗೆ ಒಯ್ದರು, ಸಂಜೆಯೊಳಗೆ ಎಲ್ಲ ಮುಗಿಯಿತು.

ಮೂರನೆಯ ದಿನ ಬೂದಿಯ ಮುಂದೆ ನಿಂತಾಗ ಹೊಳೆಯಿತು: ಚರ್ಮ ಕೊಡಬಹುದಿತ್ತು.

ದಾನಿಯ ಚರ್ಮ ಏನು ಮಾಡುತ್ತದೆಂದು ಕಣ್ಣಾರೆ ಕಂಡ ಕುಟುಂಬ ಅದು. ರಾಯಚೂರಿನ ಆ ತಾಯಿಯ ಅಣ್ಣನ ಪ್ರಶ್ನೆಯನ್ನು ಕಿವಿಯಾರೆ ಕೇಳಿದವರು. ಕೇಳಿದ್ದರೆ ಎರಡು ಮಾತಿಲ್ಲದೆ ಕೊಡುತ್ತಿದ್ದರು. ಆದರೂ ಆ ಆರು ಗಂಟೆಯಲ್ಲಿ ಒಬ್ಬರಿಗೂ ನೆನಪಾಗಲಿಲ್ಲ. ಸಾವಿನ ಹೊತ್ತು ಹಾಗೆಯೇ. ಬೀಗದ ಕೈ ಎಲ್ಲಿಟ್ಟೆವು, ಯಾರಿಗೆ ಫೋನ್ ಮಾಡಬೇಕು, ಪುರೋಹಿತರು ಸಿಗುತ್ತಾರೋ ಇಲ್ಲವೋ, ಇಷ್ಟರಲ್ಲೇ ತಲೆ ತುಂಬಿಹೋಗುತ್ತದೆ. ಮೊದಲೇ ಹೆಸರು ಬರೆಸಿಟ್ಟ ಕಾರ್ಡು ಬೀರುವಿನಲ್ಲೇ ಉಳಿಯುತ್ತದೆ. ಯಾರಾದರೂ ಬಂದು ಕೇಳಬೇಕು. ಕೇಳಲು ಅಲ್ಲಿ ಇರುವವರು ನಿಮ್ಮ ವಿದ್ಯಾರ್ಥಿಗಳು ಮಾತ್ರ.

ಆ ಹೌಸ್ ಸರ್ಜನ್ ಕಣ್ಣನ್ನು ಕೇಳಿದರು, ಚರ್ಮವನ್ನು ಕೇಳಲಿಲ್ಲ. ಯಾಕಿರಬಹುದು? ಲೇಖಕಿಗೆ ಅನಿಸುವ ಒಂದು ಕಾರಣ ನಮ್ಮ ಭಾಷೆಯೊಳಗೇ ಇದೆ. 'ನೇತ್ರದಾನ' ಎಂಬ ಮಾತು ನಾಲಿಗೆಗೆ ರೂಢಿಯಾಗಿದೆ, ಅದರಲ್ಲಿ ಪುಣ್ಯದ ವಾಸನೆಯಿದೆ. 'ಚರ್ಮ' ಎಂದರೆ ಕನ್ನಡದ ಕಿವಿಗೆ ಮುಂದಿನ ಪದವಾಗಿ ತಾನೇ ಕೇಳಿಸುವುದು 'ಸುಲಿ'. ಚರ್ಮ ಸುಲಿದುಬಿಡ್ತೀನಿ ಎಂದು ಬೆದರಿಸುವ ಮೇಷ್ಟರನ್ನೂ ಅಪ್ಪಂದಿರನ್ನೂ ಕಂಡು ಬೆಳೆದವರು ನಾವು. ಆಗಷ್ಟೇ ಗಂಡನನ್ನು ಕಳೆದುಕೊಂಡ ಹೆಂಗಸಿನ ಮುಂದೆ ನಿಂತು "ಚರ್ಮ ತೆಗೀತೀವಿ" ಎನ್ನಲು ಇಪ್ಪತ್ಮೂರರ ಹುಡುಗನಿಗೆ ಹೇಗೆ ಬಾಯಿ ಬರಬೇಕು? ಪಕ್ಕದ ಮಹಾರಾಷ್ಟ್ರದವರು 'ತ್ವಚಾದಾನ' ಎನ್ನುತ್ತಾರೆ. ನಮ್ಮಲ್ಲಿ 'ಚರ್ಮದಾನ' ಎಂಬ ಪದ ಪತ್ರಿಕೆಗಳಲ್ಲಿದೆ, ಮಂಚದ ಪಕ್ಕಕ್ಕೆ ಇನ್ನೂ ಬಂದಿಲ್ಲ.

ಹಾಗೆಂದು ಈ ನೆಲಕ್ಕೆ ಅದು ಹೊಸ ಕಲ್ಪನೆಯಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಚಮ್ಮಾರ ಕಾಯಕದ ಶರಣ ಹರಳಯ್ಯ 'ಶರಣು' ಎಂದಾಗ ಬಸವಣ್ಣ 'ಶರಣು ಶರಣಾರ್ಥಿ' ಎಂದು ಮರುನುಡಿದರು. ತನಗೆ ಸಂದ ಆ ಹೆಚ್ಚಿನ ಗೌರವದ ಋಣ ತೀರಿಸಲು ಹರಳಯ್ಯನೂ ಪತ್ನಿ ಕಲ್ಯಾಣಮ್ಮನೂ ತಮ್ಮ ತೊಡೆಯ ಚರ್ಮ ತೆಗೆದು ಚಮ್ಮಾವುಗೆ ಮಾಡಿದರೆಂಬ ಕಥೆ ಕನ್ನಡ ನಾಡಿನ ಮನೆಮನೆಗೂ ಗೊತ್ತು. ಇಂದು ಶಸ್ತ್ರವೈದ್ಯರು ಮೊದಲು ಕೈಯಿಡುವುದೂ ತೊಡೆಯ ಮೇಲೆಯೇ. ಆ ಕಥೆಯನ್ನು ಕೇಳಿ ಬೆಳೆದವರಿಗೆ ಚರ್ಮ ಕೊಡುವುದು ಅಸಹ್ಯವೆನಿಸಲಾರದು. ಹೇಳುವ ರೀತಿ ಕಲಿಸಬೇಕು, ಅಷ್ಟೇ.

ಹೇಳಬೇಕಾದದ್ದೂ ಹೆಚ್ಚಿಲ್ಲ. ತೆಗೆಯುವುದು ಇಡೀ ಚರ್ಮವನ್ನಲ್ಲ, ಮೇಲಿನ ತೆಳುಪದರವನ್ನು, ಈರುಳ್ಳಿಯ ಒಳಸಿಪ್ಪೆಯಷ್ಟು ತೆಳು. ಎರಡೂ ಕಾಲು, ತೊಡೆ ಮತ್ತು ಬೆನ್ನಿನಿಂದ ಮಾತ್ರ. ಮುಖ, ಕೈ, ಎದೆ ಮುಟ್ಟುವುದಿಲ್ಲ. ಮುಕ್ಕಾಲು ಗಂಟೆಯ ಕೆಲಸ. ರಕ್ತ ಸುರಿಯುವುದಿಲ್ಲ. ಆ ಜಾಗಕ್ಕೆ ಬ್ಯಾಂಡೇಜು ಸುತ್ತಿ, ಬಟ್ಟೆ ಉಡಿಸಿ ಒಪ್ಪಿಸುತ್ತಾರೆ. ತಂಡದವರು ಮನೆಗೇ ಬರುವುದೂ ಉಂಟು. ಮನೆಯವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ "ಮೈ ತೊಳಿಸೋದು ಹೇಗೆ?" ಎಂಬುದು. ಬ್ಯಾಂಡೇಜು ಇರುವ ಭಾಗ ಬಿಟ್ಟು ಸ್ನಾನ ಮಾಡಿಸಬಹುದು, ವಿಭೂತಿ ಹಚ್ಚಬಹುದು, ಕೂರಿಸಿ ಮಣ್ಣು ಮಾಡುವವರು ಕೂರಿಸಬಹುದು. ಪೊಲೀಸ್ ಕೇಸಾಗಿದ್ದರೆ ಅವರ ಒಪ್ಪಿಗೆ ಬೇಕು. ಈ ಇಷ್ಟು ವಿಷಯವನ್ನು ಎರಡು ನಿಮಿಷದಲ್ಲಿ, ಕನ್ನಡದಲ್ಲಿ, ತಗ್ಗಿದ ದನಿಯಲ್ಲಿ ಹೇಳಿ, ಬೇಡವೆಂದರೆ ಕೈಮುಗಿದು ಹಿಂದೆ ಸರಿಯುವುದು ಒಂದು ಕೌಶಲ. ಹೊಲಿಗೆ ಹಾಕುವಷ್ಟೇ ನಿಜವಾದ ಕೌಶಲ.

ಪಠ್ಯಕ್ರಮಕ್ಕೆ ಇದು ಗೊತ್ತಿಲ್ಲದ್ದೇನಲ್ಲ. 2019ರ ಬ್ಯಾಚಿನಿಂದ ಜಾರಿಗೆ ಬಂದ ಸಾಮರ್ಥ್ಯ ಆಧಾರಿತ ಎಂಬಿಬಿಎಸ್ ಪಠ್ಯವನ್ನು ತೆರೆದು ನೋಡಿ. ಜನರಲ್ ಸರ್ಜರಿಯ ನಾಲ್ಕನೆಯ ವಿಷಯವೇ ಸುಟ್ಟ ಗಾಯ: ರೋಗಿಯ ಇತಿಹಾಸ ಕೇಳಿ ಪರೀಕ್ಷಿಸುವುದು, ಗಾಯದ ಬಗೆ ಮತ್ತು ವಿಸ್ತಾರ ಗುರುತಿಸಿ ಚಿಕಿತ್ಸೆ ಯೋಜಿಸುವುದು, ಕಾನೂನಿನ ಅಂಶಗಳನ್ನು ಚರ್ಚಿಸುವುದು. ಹದಿಮೂರನೆಯದು ಅಂಗ ಕಸಿ. ಅಂಗದಾನದ ಬಗ್ಗೆ ರೋಗಿಗಳಿಗೂ ಬಂಧುಗಳಿಗೂ ಕೃತಕ ಸನ್ನಿವೇಶದಲ್ಲಿ ಸಮಾಲೋಚನೆ ನಡೆಸುವುದು ಅಲ್ಲಿ ಕಲಿಯಬೇಕಾದ ಸಾಮರ್ಥ್ಯಗಳಲ್ಲೊಂದು. ಇದರ ಜೊತೆಗೆ ವೈದ್ಯರ ನಡವಳಿಕೆ, ನೀತಿ, ಸಂವಹನಕ್ಕೆಂದೇ 'ಎಟ್‌ಕಾಮ್' ಪಾಠಗಳಿವೆ. ಬರೆದವರು ಸರಿಯಾಗಿಯೇ ಬರೆದಿದ್ದಾರೆ. ಅದು ಪರೀಕ್ಷೆಯ ಕೋಣೆಯೊಳಗೆ ಬರಬೇಕಾಗಿದೆ.

ಅಂತಿಮ ವರ್ಷದ ಸರ್ಜರಿ ಪ್ರಾಕ್ಟಿಕಲ್ಸ್ ಎಂದರೆ ಥೈರಾಯ್ಡ್, ಹರ್ನಿಯಾ, ಸ್ತನದ ಗಂಟು, ವೆರಿಕೋಸ್ ವೇನ್ಸ್, ಸಕ್ಕರೆ ಕಾಯಿಲೆಯ ಕಾಲು. ಮೈ ಸುಟ್ಟ ರೋಗಿಯನ್ನು ಪರೀಕ್ಷೆಯ ಕೇಸಾಗಿ ತಂದು ಮಲಗಿಸಲು ಬರುವುದಿಲ್ಲ, ತರಲೂಬಾರದು. ನೋವು, ಸೋಂಕಿನ ಭಯ. ಸತ್ತವರ ಬಂಧುಗಳನ್ನಂತೂ ಕರೆತರುವ ಮಾತೇ ಇಲ್ಲ. ಹೀಗೆ ಅತಿ ಕಷ್ಟದ ಈ ಎರಡು ಗಳಿಗೆಗಳೂ ಲಾಂಗ್ ಕೇಸ್, ಶಾರ್ಟ್ ಕೇಸ್‌ಗಳ ಹಾದಿಯಲ್ಲಿ ಸಿಗುವುದೇ ಇಲ್ಲ. ಪರೀಕ್ಷೆಯಲ್ಲಿ ಬರದ್ದನ್ನು ಮಕ್ಕಳು ಓದುವುದಿಲ್ಲ ಎಂಬುದು ನಿಮಗೆ ಲೇಖಕಿಗಿಂತ ಚೆನ್ನಾಗಿ ಗೊತ್ತು.

ಇದಕ್ಕೆ ದಾರಿ ತೋರಿಸಿದವರು ಸ್ಕಾಟ್‌ಲ್ಯಾಂಡಿನ ಡಂಡೀಯ ರೊನಾಲ್ಡ್ ಹಾರ್ಡನ್. 1975ರಲ್ಲಿ ಅವರೂ ಅವರ ಸಂಗಡಿಗರೂ ವಿವರಿಸಿದ ಪರೀಕ್ಷೆಯೇ ನೀವೆಲ್ಲ ಬಲ್ಲ ಓಸ್ಕಿ. ಸಾಲಾಗಿ ಮೇಜುಗಳು, ಒಂದೊಂದರಲ್ಲಿ ಒಂದೊಂದು ಕೆಲಸ, ಎಲ್ಲ ವಿದ್ಯಾರ್ಥಿಗಳಿಗೂ ಒಂದೇ ಅವಧಿ, ಒಂದೇ ಅಳತೆಗೋಲು. 1990ರಲ್ಲಿ ಜಾರ್ಜ್ ಮಿಲ್ಲರ್ ಒಂದು ಪಿರಮಿಡ್ಡಿನ ಚಿತ್ರ ಕೊಟ್ಟರು: ಗೊತ್ತಿದೆ, ಹೇಗೆಂದು ಗೊತ್ತಿದೆ, ಮಾಡಿ ತೋರಿಸುತ್ತಾನೆ, ನಿಜವಾಗಿ ಮಾಡುತ್ತಾನೆ. ಮದುವೆಮನೆಯಲ್ಲಿ ಸಿಕ್ಕ ಆ ವೈದ್ಯರು ತಳದ ಎರಡು ಮೆಟ್ಟಿಲನ್ನು ಸರಾಗವಾಗಿ ಹತ್ತಿದ್ದರು. ಮೂರನೆಯ ಮೆಟ್ಟಿಲಿನಲ್ಲಿ ಅವರಿಗಾಗಿ ಯಾರೂ ನಿಂತಿರಲಿಲ್ಲ.

ಆದ್ದರಿಂದ ನಿಮ್ಮಲ್ಲಿ ಮೊದಲ ಬೇಡಿಕೆ ಇದು. ಆಂತರಿಕ ಮೌಲ್ಯಮಾಪನದಲ್ಲಾಗಲಿ, ಅಂತಿಮ ಪರೀಕ್ಷೆಯಲ್ಲಾಗಲಿ ಸುಟ್ಟ ಗಾಯಕ್ಕೆ ಒಂದು ಮೇಜು ಇಡಿ. ರೋಗಿ ಬೇಕಿಲ್ಲ. ಕೌಶಲ ಪ್ರಯೋಗಾಲಯದ ಆಳೆತ್ತರದ ಗೊಂಬೆಗೆ ಕೆಂಪು ಬಣ್ಣ ಬಳಿಯಿರಿ, ಅರ್ಧ ಗಾಯ ಬೆನ್ನಿನ ಮೇಲಿರಲಿ. ವಿದ್ಯಾರ್ಥಿ ಗೊಂಬೆಯನ್ನು ಹೊರಳಿಸಿ ನೋಡುತ್ತಾನೆಯೇ, ಬರೀ ಕೆಂಪಾದ ಜಾಗವನ್ನು ಲೆಕ್ಕದಿಂದ ಬಿಡುತ್ತಾನೆಯೇ, ಚೂರುಚೂರು ಗಾಯವಿದ್ದರೆ ರೋಗಿಯದೇ ಅಂಗೈಯನ್ನು ಬೆರಳೂ ಸೇರಿ ಒಂದು ಪರ್ಸೆಂಟ್ ಎಂದು ಅಳೆಯುತ್ತಾನೆಯೇ, ಸುಟ್ಟ ಗಳಿಗೆಯಿಂದ ಗಂಟೆ ಎಣಿಸುತ್ತಾನೆಯೇ ಎಂದು ನೋಡಿ. ಎರಡು ವರ್ಷದ ಮಗುವಿನ ಗೊಂಬೆಯಿಟ್ಟರೆ ಇನ್ನೂ ಒಳ್ಳೆಯದು, ಮಗುವಿನ ತಲೆಗೆ ಒಂಬತ್ತರ ಲೆಕ್ಕ ಸಾಲದೆಂದು ಎಷ್ಟು ಜನರಿಗೆ ನೆನಪಿದೆಯೆಂದು ತಿಳಿಯುತ್ತದೆ. ಮನೆಯವರಿಗೆ ಏನು ಹೇಳಬೇಕೆಂದೂ ಕೇಳಿ. ಇಪ್ಪತ್ತು ನಿಮಿಷ ಹರಿಯುವ ತಣ್ಣೀರು ಎಂಬ ಉತ್ತರ ಬರಲಿ. ನಮ್ಮೂರುಗಳಲ್ಲಿ ಇಂದಿಗೂ ಟೂತ್‌ಪೇಸ್ಟ್, ಇಂಕು, ದೋಸೆಹಿಟ್ಟು ಮೆತ್ತಿಕೊಂಡೇ ಆಸ್ಪತ್ರೆಗೆ ಬರುತ್ತಾರೆ.

ಎರಡನೆಯ ಮೇಜಿಗೆ ಎರಡು ಕುರ್ಚಿ ಸಾಕು. ಒಂದರಲ್ಲಿ ತಂದೆಯನ್ನು ಕಳೆದುಕೊಂಡ ಮಗಳ ಪಾತ್ರ ಮಾಡುವವರು, ಇನ್ನೊಂದು ಖಾಲಿ. ವಿದ್ಯಾರ್ಥಿ ಬಂದು ಕೂರುತ್ತಾನೋ, ನಿಂತೇ ಮಾತಾಡುತ್ತಾನೋ? ಸಾವನ್ನು ಸ್ಪಷ್ಟವಾಗಿ ಹೇಳುತ್ತಾನೋ, ಇಂಗ್ಲಿಷಿನ ಹಿಂದೆ ಅಡಗುತ್ತಾನೋ? ಕಣ್ಣಿನ ಜೊತೆಗೆ ಚರ್ಮವನ್ನೂ ಕೇಳುತ್ತಾನೋ? ಒಂದು ಕೋರಿಕೆ ಇಲ್ಲಿ ವಿಶೇಷವಾಗಿ: ಈ ಮೇಜಿನ ಪರೀಕ್ಷೆ ಇಂಗ್ಲಿಷಿನಲ್ಲಿ ಬೇಡ. ಬೆಂಗಳೂರಿನಲ್ಲಿ ಕನ್ನಡ, ಮಂಗಳೂರಿನಲ್ಲಿ ತುಳುವೂ ಇರಲಿ, ಕಲಬುರಗಿಯಲ್ಲಿ ಉರ್ದು ಮನೆಮಾತಿನವರೂ ಕುರ್ಚಿಯಲ್ಲಿ ಕೂರಲಿ. ಹೊರರಾಜ್ಯದ ಮಕ್ಕಳಿಗೆ ಈ ಹತ್ತು ವಾಕ್ಯವನ್ನಾದರೂ ಕನ್ನಡದಲ್ಲಿ ಕಲಿಸಿ. ಉತ್ತರ 'ಬೇಡ' ಎಂದು ಬಂದರೂ ವಿದ್ಯಾರ್ಥಿಗೆ ಪೂರ್ತಿ ಅಂಕ ಸಿಗುವಂತಿರಬೇಕು. ಒಪ್ಪಿಸುವುದು ಪರೀಕ್ಷೆಯಲ್ಲ, ಕೇಳುವುದು ಪರೀಕ್ಷೆ.

ಇನ್ನು ಲಾಗ್‌ಬುಕ್ಕಿನ ಮಾತು. ಇಂಟರ್ನ್‌ಷಿಪ್ಪಿನ ಹನ್ನೆರಡು ತಿಂಗಳಲ್ಲಿ ಪ್ರತಿಯೊಬ್ಬರೂ ಸುಟ್ಟ ಗಾಯದ ವಾರ್ಡಿನಲ್ಲಿ ಕೆಲವು ದಿನವಾದರೂ ಇರಲಿ, ನಿಮ್ಮ ಆಸ್ಪತ್ರೆಯಲ್ಲಿ ಆ ವಾರ್ಡು ಇಲ್ಲದಿದ್ದರೆ ಇರುವ ಕಡೆಗೆ ಕಳಿಸಿ. ಮಾಡುವುದನ್ನು ನೋಡದೆ ಸಹಿ ಹಾಕಬೇಡಿ. ಹತ್ತು ನಿಮಿಷ ಪಕ್ಕದಲ್ಲಿ ನಿಂತು ನೋಡಿ, ಐದು ನಿಮಿಷ ತಿದ್ದಿ ಹೇಳುವ ಪದ್ಧತಿಯೊಂದನ್ನು ಜಾನ್ ನಾರ್ಸಿನಿ 1990ರ ದಶಕದಲ್ಲಿಯೇ ರೂಪಿಸಿದ್ದಾರೆ, ಮಿನಿ-ಸಿಇಎಕ್ಸ್ ಎಂದು ನಿಮ್ಮ ತರಬೇತಿಗಳಲ್ಲಿ ಕೇಳಿರುತ್ತೀರಿ.

"ಇಷ್ಟೊಂದು ಪ್ರಮಾಣದಲ್ಲಿ ಚರ್ಮ ಬೇಕೇ?" ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. 2019ರ ಡಿಸೆಂಬರ್ 9ರಂದು ನ್ಯೂಜಿಲೆಂಡಿನ ವಕಾರಿ ದ್ವೀಪದಲ್ಲಿ ಜ್ವಾಲಾಮುಖಿ ಸಿಡಿದಾಗ ಅಲ್ಲಿದ್ದವರು 47 ಜನ, ಸತ್ತವರು 22. ಉಳಿದವರ ಚಿಕಿತ್ಸೆಗೆಂದು ಆ ದೇಶ ಅಮೆರಿಕದಿಂದ ತರಿಸಲು ಮುಂದಾದ ದಾನಿಗಳ ಚರ್ಮ 12 ಲಕ್ಷ ಚದರ ಸೆಂಟಿಮೀಟರ್. ನಮ್ಮ ಲೆಕ್ಕದಲ್ಲಿ ಒಂದು 30×40 ಸೈಟಿಗಿಂತ ಹೆಚ್ಚು. ಎಲ್ಲ ಸೌಕರ್ಯವಿರುವ ಶ್ರೀಮಂತ ದೇಶವೇ ಕಡಲಾಚೆಗೆ ಕೈಚಾಚಬೇಕಾಯಿತು. ನಮ್ಮ ಬೆಂಗಳೂರಿನಲ್ಲಿ 1981ರ ಫೆಬ್ರವರಿ 7ರಂದು ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು 90ಕ್ಕೂ ಹೆಚ್ಚು ಜನ ಸತ್ತರು, ಬಹುಪಾಲು ಮಕ್ಕಳು. 1989ರ ಫೆಬ್ರವರಿಯಲ್ಲಿ ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ 'ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್' ಚಿತ್ರೀಕರಣದ ವೇಳೆ ಬೆಂಕಿ ಹೊತ್ತಿ ಸುಮಾರು 60 ಜನ ಹೋದರು. ಆಗ ರಾಜ್ಯದಲ್ಲಿ ಚರ್ಮ ಬ್ಯಾಂಕ್ ಇರಲಿಲ್ಲ. ಈಗ ಇದೆ, ಅದರ ಪೆಟ್ಟಿಗೆ ತುಂಬಿರಬೇಕು.

ನಿಮ್ಮ ತರಗತಿಯಲ್ಲಿ ಹೇಳಲು ಒಂದು ಸಂಗತಿ ಬಿಟ್ಟು ಈ ಪತ್ರ ಮುಗಿಸಲು ಮನಸ್ಸಾಗುತ್ತಿಲ್ಲ. ಎರಡನೆಯ ಮಹಾಯುದ್ಧದ ಹೊತ್ತಿನಲ್ಲಿ ಗ್ಲಾಸ್ಗೊ ನಗರದ ರಾಯಲ್ ಇನ್‌ಫರ್ಮರಿಯಲ್ಲಿ ಮೈ ಸುಟ್ಟುಕೊಂಡ ಹೆಂಗಸೊಬ್ಬಳಿಗೆ ಅವಳ ಅಣ್ಣತಮ್ಮಂದಿರಲ್ಲಿ ಒಬ್ಬನ ಚರ್ಮದ ಚಿಕ್ಕಚಿಕ್ಕ ತುಣುಕುಗಳನ್ನು ಕಸಿ ಮಾಡಿದರು. ಅವು ಉದುರಿದವು. ಎರಡನೆಯ ಬಾರಿ ಹಾಕಿದವು ಇನ್ನೂ ಬೇಗ ಉದುರಿದವು. ದೇಹ ಮೊದಲಿನದನ್ನು ನೆನಪಿಟ್ಟುಕೊಂಡಿದೆಯೆಂದು ಅದನ್ನು ಕಂಡು ಅರಿತವರು ಶಸ್ತ್ರವೈದ್ಯ ಥಾಮಸ್ ಗಿಬ್ಸನ್ ಮತ್ತು ಪ್ರಾಣಿವಿಜ್ಞಾನಿ ಪೀಟರ್ ಮೆಡಾವರ್. 1943ರಲ್ಲಿ ಅವರ ಲೇಖನ ಬಂತು, 1960ರಲ್ಲಿ ಮೆಡಾವರ್ ನೊಬೆಲ್ ಪ್ರಶಸ್ತಿ ಹಂಚಿಕೊಂಡರು. ಇವತ್ತಿನ ಕಿಡ್ನಿ ಕಸಿ, ಯಕೃತ್ತಿನ ಕಸಿ, ಹೃದಯದ ಕಸಿಯ ಹಿಂದಿರುವ ಅರಿವಿನ ಒಂದು ಮೂಲ, ಸುಟ್ಟ ಗಾಯದ ವಾರ್ಡಿನ ಒಂದು ಮಂಚದ ಪಕ್ಕದಲ್ಲಿದೆ. ಯಾರೋ ಇಬ್ಬರು ಹತ್ತಿರ ನಿಂತು ದಿನವೂ ನೋಡಿದ್ದರು.

ಅಕ್ಕನ ಮಗಳು ಈಗ ಕೆಲಸಕ್ಕೆ ಹೋಗುತ್ತಾಳೆ. ಬೆನ್ನಿನ ಕಲೆ ಹಾಗೆಯೇ ಇದೆ. ಬೇಸಿಗೆಯಲ್ಲಿ ತುರಿಕೆ, ಬೆವರು ಬಾರದ ಕಷ್ಟ. ತನ್ನ ಹೆಸರನ್ನು ಚರ್ಮದಾನಕ್ಕೆ ಬರೆಸಿದ್ದಾಳೆ.

ಮುಂದಿನ ಪ್ರಾಕ್ಟಿಕಲ್ಸ್‌ಗೆ ನೀವು ಮೇಜು ಜೋಡಿಸುವಾಗ ಆ ಎರಡು ಕುರ್ಚಿಗಳನ್ನು ಹಾಕಿಸಿ. ಮಗಳ ಪಾತ್ರಕ್ಕೆ ಯಾರೂ ಸಿಗದಿದ್ದರೆ ತಿಳಿಸಿ. ರಾಜ್ಯದ ಯಾವ ಕಾಲೇಜಾದರೂ ಸರಿ, ಈ ಲೇಖಕಿಯೇ ಬಂದು ಕೂರುತ್ತಾಳೆ, ನಿಮ್ಮ ವಿದ್ಯಾರ್ಥಿಗಳು ಅಂದು ರಾತ್ರಿ ತನ್ನನ್ನು ಕೇಳದೆ ಬಿಟ್ಟ ಪ್ರಶ್ನೆಯನ್ನು ಒಬ್ಬೊಬ್ಬರಾಗಿ ಕೇಳಲಿ.



ಇಂತಿ ತಮ್ಮ ವಿಶ್ವಾಸಿ,
ಸುಟ್ಟ ಗಾಯದ ವಾರ್ಡಿನಲ್ಲಿ ಏಳು ವಾರ ಕುಳಿತಿದ್ದ ಒಬ್ಬ ಚಿಕ್ಕಮ್ಮ